ಹಳದಿ ಜರ್ಸಿಯ ಬಾಲ

ನಕ್ಷೆ ಓಟದ ಕ್ಲಬ್ಬಿನಲ್ಲಿ ಚೆಕಿಂಗ್ ಅಕ್ಕನಷ್ಟು ನಿಧಾನದವರು ಇನ್ನೊಬ್ಬರಿಲ್ಲ. ತಲೆ ನೆರೆತವರು ಅವಳನ್ನು ದಾಟಿ ಹೋಗುತ್ತಾರೆ, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡವರೂ ದಾಟಿ ಹೋಗುತ್ತಾರೆ. ಆದರೆ ಅವಳು ತಪ್ಪು ಬಾವುಟ ಹಿಡಿದು ಬಂದಳು ಎಂದು ಈಚೆಗೆ ಯಾರೂ ಹೇಳಿಲ್ಲ. ಬಾವುಟದ ಮುಂದೆ ನಿಂತು ಅದರ ಮೇಲಿನ ಅಂಕಿಯನ್ನು ಕೈಯಲ್ಲಿರುವ ನಕ್ಷೆಯ ಅಂಕಿಗೆ ಹೋಲಿಸುತ್ತಾಳೆ. ಅಷ್ಟು ಸಾಲದು ಅಂತ ಹಿಂದಕ್ಕೆ ಹೋಗಿ ಅಲ್ಲೂ ಅದೇ ಅಂಕಿ ಇದೆಯೇ ಎಂದು ಬಗ್ಗಿ ನೋಡುತ್ತಾಳೆ. ಹಿಂದೆ ಬೇರೆ ಅಂಕಿ ಯಾಕಿರುತ್ತೆ ಎಂದು ಕೇಳಿದರೆ, "ಇರಲ್ಲ ಅಂತ ನಿಮಗೆ ಯಾರು ಹೇಳಿದ್ರು?" ಎನ್ನುತ್ತಾಳೆ.

ಅದು ಅವಳ ಹುಟ್ಟುಗುಣ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಯಾರೋ ಅವಳನ್ನು ನೋಡಿಯೇ ಕಟ್ಟಿರಬೇಕು. ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಕೊನೆಯದಾದ ಚೆಕಿಂಗ್ ಮೇಜು ಅವಳದು. ಎಷ್ಟೋ ಕೈಗಳನ್ನು ದಾಟಿ ಬಂದ ಅಂಗಿ ಅವಳ ಮುಂದೆ ಬಂದು ಬೀಳುತ್ತದೆ. ಟ್ಯೂಬ್‌ಲೈಟಿನ ಕೆಳಗೆ ಅದನ್ನು ಒಳಮೈ ಹೊರಗೆ ಮಾಡಿ, ಕಂಕುಳ ಹೊಲಿಗೆಯನ್ನು ಹೆಬ್ಬೆರಳಲ್ಲಿ ಜಗ್ಗಿ, ಕಾಲರಿನ ಎರಡು ಮೂತಿಗಳನ್ನು ಜೋಡಿಸಿ ನೋಡಿ, ತಪ್ಪಿದ್ದ ಕಡೆ ಬಾಣದ ಗುರುತಿನ ಕೆಂಪು ಸ್ಟಿಕ್ಕರ್ ಅಂಟಿಸುತ್ತಾಳೆ. ತಪ್ಪೇ ಇಲ್ಲದ ಅಂಗಿ ಬಂದರೆ ಅನುಮಾನ ಇನ್ನೂ ಜಾಸ್ತಿ. ಮನೆಯಲ್ಲೂ ಅದೇ ಕಥೆ. ಹಾಲನ್ನು ಮೂಸದೆ ಕಾಯಿಸುವುದಿಲ್ಲ. ಬೀಗ ಹಾಕಿ ಜಗ್ಗುತ್ತಾಳೆ, ಓಣಿಯ ತುದಿಯಿಂದ ವಾಪಸು ಬಂದು ಮತ್ತೊಮ್ಮೆ ಜಗ್ಗುತ್ತಾಳೆ. ಯಾರಾದರೂ ಹೊಗಳಿದರೆ, ಇವರಿಗೆ ನನ್ನಿಂದ ಏನು ಕೆಲಸ ಆಗಬೇಕಪ್ಪಾ ಎಂದು ಯೋಚಿಸುತ್ತಾಳೆ.

ಇಂಥವಳು ಕೈಯಲ್ಲಿ ನಕ್ಷೆ ಹಿಡಿದು ಕಾಡಿಗೆ ನುಗ್ಗಿದ್ದು ಆಟದ ಆಸೆಗಲ್ಲ. ಗಂಡನನ್ನು ಹಿಡಿಯುವುದಕ್ಕೆ.

ಗಂಡ ಬೇಕರಿಯ ವ್ಯಾನ್ ಡ್ರೈವರು. ಬೆಳಕು ಹರಿಯುವ ಹೊತ್ತಿಗೆ ಬಿಸಿ ಬ್ರೆಡ್ಡಿನ ಟ್ರೇಗಳನ್ನು ತುಂಬಿಕೊಂಡು ಅಂಗಡಿಗಳಿಗೂ ಎರಡು ಶಾಲೆಗಳ ಕ್ಯಾಂಟೀನಿಗೂ ಹಾಕಿ ಬರುತ್ತಿದ್ದ. ಬಾಯಲ್ಲಿ ಬೆರಳಿಟ್ಟರೂ ಕಚ್ಚದ ಮನುಷ್ಯ. ಅವನಿಗಿದ್ದ ಹುಚ್ಚು ಒಂದೇ, ಭಾನುವಾರದ ನಕ್ಷೆ ಓಟ. ಓರಿಯೆಂಟೀರಿಂಗ್ ಎಂದು ಅದರ ದೊಡ್ಡ ಹೆಸರು. ಹೊರಡುವ ಜಾಗದಲ್ಲಿ ಕೈಗೊಂದು ನಕ್ಷೆ ಕೊಡುತ್ತಾರೆ, ದಿಕ್ಸೂಚಿಯನ್ನು ನಾವೇ ತರಬೇಕು. ಕಾಡಿನೊಳಗೆ ಅಲ್ಲಲ್ಲಿ ಕಿತ್ತಳೆ ಬಿಳಿ ಬಣ್ಣದ ಬಾವುಟ ಕಟ್ಟಿರುತ್ತಾರೆ. ಅವನ್ನು ಹೇಳಿದ ಸರದಿಯಲ್ಲೇ ಹುಡುಕಿ, ಬೆರಳಿಗೆ ಕಟ್ಟಿಕೊಂಡ ಪ್ಲಾಸ್ಟಿಕ್ ತುಂಡನ್ನು ಅಲ್ಲಿರುವ ಡಬ್ಬಿಗೆ ಒತ್ತಿ, ಓಡಿ ಬಂದು ಕೊನೆಯ ಗೆರೆ ಸೇರಬೇಕು. ಒಬ್ಬರಾದ ಮೇಲೆ ಒಬ್ಬರನ್ನು ಬಿಡುತ್ತಾರೆ. ದಾರಿ ಯಾರೂ ಹೇಳುವುದಿಲ್ಲ. ಊರಿಗೇ ಒಂದು ದಾರಿಯಾದರೆ ಪೋರನಿಗೇ ಒಂದು ದಾರಿ ಎನ್ನುವುದು ಬೇರೆ ಕಡೆ ಬೈಗುಳ, ಈ ಆಟದಲ್ಲಿ ಅದೇ ನಿಯಮ.

ವರ್ಷಗಟ್ಟಲೆ ಅವನು ಭಾನುವಾರ ಮಧ್ಯಾಹ್ನ ಬಂದು, ಕೆಸರು ಶೂ ಬಾಗಿಲಲ್ಲೇ ಬಿಟ್ಟು, ಊಟದ ಮೇಜಿನ ಮೇಲೆ ನಕ್ಷೆ ಹರಡುತ್ತಿದ್ದ. "ನೋಡೇ, ಇಲ್ಲಿ ಬಂಡೆ ಇತ್ತು, ನಾನು ಈ ಕಡೆಯಿಂದ ಸುತ್ತಿ ಬಂದೆ" ಎಂದು ಒಂದೊಂದು ಬಾವುಟದ ಕಥೆ ಹೇಳುತ್ತಿದ್ದ. ಅವಳು ಅನ್ನ ಬಡಿಸುತ್ತಾ ಹೂಂಗುಟ್ಟುತ್ತಿದ್ದಳು. ನಿಜ ಹೇಳಬೇಕೆಂದರೆ ಒಂದು ಕಥೆಯೂ ಅವಳ ಕಿವಿಗೆ ಬೀಳುತ್ತಿರಲಿಲ್ಲ. ಆದರೆ ಹೋದ ಮಳೆಗಾಲ ಕಳೆದ ಮೇಲೆ ಆ ಕಥೆಗಳು ನಿಂತಾಗ, ನಿಂತದ್ದು ಅವಳಿಗೆ ಕೂಡಲೇ ಗೊತ್ತಾಯಿತು.

ನಕ್ಷೆ ಮೇಜಿಗೆ ಬರಲಿಲ್ಲ. ಕೇಳಿದರೆ "ಏನಿಲ್ಲ, ಮಾಮೂಲಿ" ಎಂದ. ಬಟ್ಟೆ ಒಗೆಯುವಾಗ ಪ್ಯಾಂಟಿನ ಜೇಬಿನಲ್ಲಿ ಮುದ್ದೆಯಾಗಿ ಸಿಕ್ಕಿತು. ಬೈಕಿಗೆ ಹೊದಿಕೆ ಹಾಕಿ ಮೂಲೆಗೆ ನಿಲ್ಲಿಸಿದ, ಭಾನುವಾರ ಬಸ್ಸಿನಲ್ಲಿ ಹೋಗತೊಡಗಿದ. ಗುರುವಾರ ಸಂಜೆ ಹೊಸದಾಗಿ ಟ್ರೈನಿಂಗ್ ಶುರುವಾಗಿದೆ ಎಂದು ಹೇಳಿ ಹೊರಡುತ್ತಿದ್ದ, ಬರುವಾಗ ಶೂಗೆ ಒಂದು ಚೂರೂ ಮಣ್ಣಿರುತ್ತಿರಲಿಲ್ಲ.

ಅಂಥ ಒಂದು ಗುರುವಾರವೇ ಅಡುಗೆಮನೆಯ ಸಿಂಕು ಕಟ್ಟಿಕೊಂಡಿತು. ರಿಪೇರಿಗೆ ಬಂದ ಪ್ಲಂಬರು ಅದೇ ಕ್ಲಬ್ಬಿನವನು, ಅಲ್ಲಿ ಹೊಸಬರಿಗೆ ಕಲಿಸುವವನೂ ಅವನೇ, ಎಲ್ಲರ ಬಾಯಲ್ಲಿ ಪೈಪಣ್ಣ. ಅವಳು ಟಾರ್ಚು ಹಿಡಿದುಕೊಂಡು ಸುಮ್ಮನೆ ಕೇಳಿದಳು.

"ಇವತ್ತು ಟ್ರೈನಿಂಗಿಗೆ ಹೋಗಲಿಲ್ವಾ ಪೈಪಣ್ಣ?"

"ಗುರುವಾರ ಎಲ್ಲಿಯ ಟ್ರೈನಿಂಗು ಅಕ್ಕ? ಬುಧವಾರ ಅಲ್ವಾ ನಮ್ದು."

ಹೇಳಿದ ಮೇಲೆ ಏನೋ ಎಡವಟ್ಟಾಯಿತು ಎಂದು ಅವನಿಗೂ ಅನ್ನಿಸಿರಬೇಕು, ಸಿಂಕಿನ ಕೆಳಗೆ ತಲೆ ಹಾಕಿ ಬೇಡದ ಕಡೆಯೆಲ್ಲ ಸ್ಪಾನರ್ ತಿರುಗಿಸಿದ. ಅಂಗಿಯಲ್ಲಿ ಒಂದು ಹೊಲಿಗೆ ತಪ್ಪಿದ್ದರೆ ಹತ್ತಿರದಲ್ಲೇ ಇನ್ನೊಂದು ತಪ್ಪಿರುತ್ತದೆ ಎಂಬುದು ಅವಳ ಅನುಭವ.

ಆ ಇನ್ನೊಂದನ್ನು ತೋರಿಸಿದವಳು ತಂಗಿ. ಅದೇ ಕಾರ್ಖಾನೆಯಲ್ಲಿ ಗುಂಡಿ ಹಾಕುವ ಮೆಷಿನ್ನಿನ ಮೇಲೆ ಇರುವವಳು. ಚಹಾದ ಹೊತ್ತಿಗೆ ಮೊಬೈಲು ಹಿಡಿದುಕೊಂಡು ಬಂದಳು.

"ಅಕ್ಕ, ಭಾವನ ಕ್ಲಬ್ಬಿನವರು ಫೋಟೊ ಹಾಕ್ತಾರೆ, ನೋಡಿದೀಯಾ?"

ನೋಡಿದಳು. ಓಟ ಮುಗಿಸಿ ಕಾಡಿನಿಂದ ಹೊರಗೆ ಬರುವವರ ಫೋಟೊಗಳು. ಒಂದರಲ್ಲಿ ಹಳದಿ ಜರ್ಸಿಯ ಒಬ್ಬ ಹೆಂಗಸು, ಹಿಂದೆಯೇ ಗಂಡ. ಇನ್ನೊಂದು ವಾರದ ಫೋಟೊದಲ್ಲಿ ಅದೇ ಜರ್ಸಿ, ಹಿಂದೆ ಅದೇ ಗಂಡ. ಅದರ ಮುಂದಿನ ವಾರವೂ ಹಾಗೆಯೇ. ಪ್ರತಿ ಫೋಟೊದಲ್ಲೂ ಗಂಡನ ಕಣ್ಣು ಆ ಹೆಂಗಸಿನ ಬೆನ್ನಿನ ಮೇಲೆ ನೆಟ್ಟಿತ್ತು.

"ನಾನೇನೂ ಹೇಳಲ್ಲಪ್ಪ," ಎಂದಳು ತಂಗಿ, ಎಲ್ಲವನ್ನೂ ಹೇಳಿ ಮುಗಿಸಿದವಳ ಹಾಗೆ.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ಇಲ್ಲಿ ಹಳದಿ ನಿಜವಾಗಿಯೂ ಇತ್ತು. ಅವತ್ತು ಅವಳ ಮೇಜಿನಿಂದ ಒಳ್ಳೆಯ ಅಂಗಿಗಳೂ ಕೆಂಪು ಸ್ಟಿಕ್ಕರ್ ಹಚ್ಚಿಸಿಕೊಂಡು ವಾಪಸಾದವು. ಅವಳಿಗೆ ಸಿಟ್ಟು ಬಂದಿತ್ತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆ ಬಂದಿತ್ತು. ಇಪ್ಪತ್ತು ವರ್ಷ ಮಗ್ಗುಲಲ್ಲಿ ಮಲಗಿದ ಮನುಷ್ಯ ಕೈತಪ್ಪಿ ಹೋದರೆ ತನಗೆ ಯಾರೂ ಇಲ್ಲ ಎಂದು ಅವಳಿಗೆ ಗೊತ್ತಿತ್ತು. ಮಕ್ಕಳಿಲ್ಲದ ಮನೆ. ತಂಗಿಗೆ ಅವಳದೇ ಸಂಸಾರ. ಆದರೂ ನೇರವಾಗಿ ಕೇಳುವ ಜಾತಿಯಲ್ಲ ಚೆಕಿಂಗ್ ಅಕ್ಕ. ಕೇಳಿದರೆ ಕಳ್ಳ ಎಚ್ಚರವಾಗುತ್ತಾನೆ.

"ರೀ, ನಾನೂ ನಿಮ್ಮ ಓಟಕ್ಕೆ ಬರ್ತೀನಿ," ಎಂದಳು ಊಟದ ಹೊತ್ತಿನಲ್ಲಿ. "ಬಿಪಿ ಇದೆ, ಕಾಲಾಡಿಸಿ ಅಂದಿದಾರೆ ಡಾಕ್ಟ್ರು."

ಗಂಡ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಬಿಟ್ಟ. "ನೀನಾ? ಕಾಡಿಗಾ? ಬೇಡ ಕಣೇ. ಮುಳ್ಳು, ಜಿಗಣೆ. ನಿನ್ನ ಕೈಲಿ ಆಗಲ್ಲ."

"ಬುಧವಾರ ಟ್ರೈನಿಂಗಂತೆ. ಪೈಪಣ್ಣ ಹೇಳಿಕೊಡ್ತಾರಂತೆ."

"ಅದು ಹೊಸಬರಿಗೆ," ಎಂದ ಗಂಡ ಅವಸರದಲ್ಲಿ. "ನಮ್ದು ಗುರುವಾರ."

ಅವಳು "ಓಹೋ" ಎಂದಳು. ಅವನು ಸುಳ್ಳು ಹೇಳುವಾಗ ತಟ್ಟೆಯನ್ನು ನೋಡಿಕೊಂಡೇ ಹೇಳಿದ. ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಹೆಗಲು ಮುಟ್ಟಿಕೊಂಡನಲ್ಲ ಎಂದುಕೊಂಡು ಅವಳು ಅವನ ತಟ್ಟೆಗೆ ಇನ್ನಷ್ಟು ಸಾರು ಬಡಿಸಿದಳು.

ಟ್ರೈನಿಂಗ್ ನಡೆಯುವುದು ಊರ ಹೊರಗಿನ ದೊಡ್ಡ ಪಾರ್ಕಿನಲ್ಲಿ. ಅವಳು ಕಾರ್ಖಾನೆಯಿಂದ ಸೀದಾ ಹೋದಳು. ಪೈಪಣ್ಣ ನಕ್ಷೆ ಕೊಟ್ಟ ಕೂಡಲೇ ಅವಳು ಅದರಲ್ಲಿ ತಪ್ಪು ಹುಡುಕಿದಳು.

"ಕಾಡು ಅಂತೀರಿ, ಇಲ್ಲಿ ಬಿಳೀ ಬಣ್ಣ ಇದೆ. ಬಣ್ಣ ಮುಗಿದು ಹೋಯ್ತಾ?"

"ಓಡೋಕೆ ಆಗೋ ಕಾಡು ಬಿಳಿ ಅಕ್ಕ. ಬೋಳು ಬಯಲು ಹಳದಿ. ನುಗ್ಗೋಕಾಗದ ಪೊದೆ ಹಸಿರು."

"ಯಾರು ಮಾಡಿದ್ದು ಈ ಲೆಕ್ಕ?"

"ಲೋಕದಲ್ಲೆಲ್ಲ ಇದೇ ಲೆಕ್ಕ," ಎಂದ ಪೈಪಣ್ಣ. ಲೋಕವನ್ನೇ ನಂಬದವಳಿಗೆ ಅದು ಉತ್ತರವೇ ಅಲ್ಲ.

ನಕ್ಷೆಯ ಉತ್ತರ ದಿಕ್ಕನ್ನು ದಿಕ್ಸೂಚಿಯ ಮುಳ್ಳಿಗೆ ಹೊಂದಿಸಿಕೊಂಡು, ಹೆಬ್ಬೆರಳನ್ನು ತಾನಿರುವ ಜಾಗದ ಮೇಲೆ ಇಟ್ಟುಕೊಂಡು ನಡೆಯಬೇಕು ಎಂದು ಹೇಳಿಕೊಟ್ಟ. ಅವಳು ಹಾಗೆಯೇ ನಡೆದಳು, ಬಾವುಟದ ಬದಲು ಕೊಳದ ಅಂಚಿಗೆ ಹೋಗಿ ನಿಂತಳು. ಎರಡನೆಯ ಸಲ ಪಾರ್ಕಿನ ಶೌಚಾಲಯದ ಗೋಡೆಗೆ ಮುಖ ಕೊಟ್ಟಳು.

"ಈ ದಿಕ್ಸೂಚಿ ಕೆಟ್ಟಿದೆ," ಎಂದಳು. ಬೇರೆ ಕೊಟ್ಟರು. ಅದೂ ಕೆಟ್ಟಿದೆ ಎಂದಳು. ನನ್ನನ್ನು ಬೇಕೆಂದೇ ಓಡಿಸುವ ಉಪಾಯ ಇದು, ಗಂಡ ಮೊದಲೇ ಪೈಪಣ್ಣನ ಕಿವಿ ಊದಿದ್ದಾನೆ ಎಂಬುದು ಅವಳ ಮನಸ್ಸಿನಲ್ಲಿ ಗಟ್ಟಿಯಾಯಿತು. ಪೈಪಣ್ಣ ದಿಕ್ಸೂಚಿ ನೋಡಿದ, ಅವಳನ್ನು ನೋಡಿದ, ಅವಳ ಕತ್ತಿನಲ್ಲಿ ದಾರಕ್ಕೆ ಕಟ್ಟಿ ನೇತುಹಾಕಿದ್ದ ನೂಲು ಕತ್ತರಿಸುವ ಟ್ರಿಮ್ಮರನ್ನು ನೋಡಿದ. ಕೆಲಸದ ಮೇಜಿನಿಂದ ಹಾಗೆಯೇ ಎದ್ದು ಬಂದಿದ್ದಳು.

"ಅಕ್ಕ, ಅದನ್ನ ತೆಗೆದು ಬ್ಯಾಗಲ್ಲಿಡಿ. ಮುಳ್ಳು ಉತ್ತರ ನೋಡೋದು ಬಿಟ್ಟು ನಿಮ್ಮ ಎದೆ ಮೇಲಿರೋ ಉಕ್ಕು ನೋಡ್ತಾ ಇದೆ."

ಸುತ್ತಲಿದ್ದ ಹೊಸಬರು ನಕ್ಕರು. ಅವಳೂ ನಗುವ ಪ್ರಯತ್ನ ಮಾಡಿದಳು. ಟ್ರಿಮ್ಮರು ತೆಗೆದಿಟ್ಟು, ಮುಳ್ಳು ನಿಜವಾಗಿಯೂ ತಿರುಗಿತೇ ಎಂದು ಇನ್ನೊಮ್ಮೆ ಹತ್ತಿರ ಹಿಡಿದು ದೂರ ಹಿಡಿದು ಪರೀಕ್ಷಿಸಿದಳು. ತಿರುಗಿತ್ತು. ಆಮೇಲೆ ಬಾವುಟಗಳು ಒಂದೊಂದಾಗಿ ಸಿಗತೊಡಗಿದವು. ಮರದ ಹಿಂದಿನಿಂದ ಆ ಕಿತ್ತಳೆ ಬಣ್ಣ ಇಣುಕಿದಾಗ ಅವಳಿಗೆ ಖುಷಿಯಾಯಿತು, ಖುಷಿಯಾದದ್ದಕ್ಕೆ ತನ್ನ ಮೇಲೆಯೇ ಸಿಟ್ಟೂ ಬಂತು. ಬಂದ ಕೆಲಸವೇನು, ಮಾಡುತ್ತಿರುವುದೇನು.

ಎರಡು ಮೂರು ಬುಧವಾರ ಕಳೆದವು. ಪೈಪಣ್ಣ ಕಲಿಸಿದ್ದರಲ್ಲಿ ಒಂದು ಮಾತು ಅವಳ ತಲೆಯಲ್ಲಿ ಕೂತಿತು. "ಹೊಸಬರು ಎಲ್ಲರೂ ಮಾಡೋ ತಪ್ಪು ಒಂದಿದೆ. ಪಕ್ಕದ ಹಳ್ಳಕ್ಕೆ ಹೋಗಿಬಿಟ್ಟಿರ್ತಾರೆ. ಆದ್ರೆ ಮನಸ್ಸು ಇದೇ ಸರಿ ಹಳ್ಳ ಅನ್ನುತ್ತೆ. ಬಂಡೆ ಇದೆ ಅಲ್ವಾ, ಇದೆ. ಬಾಗು ಇದೆ ಅಲ್ವಾ, ಇದೆ. ಇರೋದನ್ನೆಲ್ಲ ನಕ್ಷೆಗೆ ಕೂರಿಸ್ತಾ ಹೋಗ್ತೀವಿ. ಕೂರದ್ದನ್ನ ನೋಡೋದೇ ಇಲ್ಲ." ಈ ತಪ್ಪು ಬೇರೆಯವರದು, ತಾನು ಮಾಡುವವಳಲ್ಲ ಎಂದುಕೊಂಡು ಅವಳು ಟ್ರಿಮ್ಮರಿದ್ದ ಬ್ಯಾಗನ್ನು ಹೆಗಲಿಗೇರಿಸಿದಳು.

ಮೊದಲ ಓಟದ ದಿನ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋದರು. ಗಂಡ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಇಳಿಯುವಾಗ ಮೆಟ್ಟಿಲನ್ನು ಕಾಲಿನಿಂದ ತಡವಿ ಇಳಿದ. ನನ್ನ ಜೊತೆ ಬಂದದ್ದಕ್ಕೆ ಕಾಲೇ ಬರುತ್ತಿಲ್ಲ ಇವರಿಗೆ ಎಂದುಕೊಂಡಳು.

ಹೊರಡುವ ಜಾಗದಲ್ಲಿ ಹಳದಿ ಜರ್ಸಿ ಇತ್ತು. ಕಟ್ಟುಮಸ್ತಾದ ಹೆಂಗಸು, ನಲವತ್ತರ ಆಸುಪಾಸು, ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು ಎಂದು ಯಾರೋ ಹೇಳಿದರು. ಗಂಡ ಅವಳನ್ನು ಮಾತಾಡಿಸಲಿಲ್ಲ. ಅವಳೂ ಗಂಡನ ಕಡೆ ನೋಡಲಿಲ್ಲ. ಮಾತೇ ಆಡದಷ್ಟು ಒಳಗಿಂದೊಳಗೆ ಹೊಂದಿಕೊಂಡಿದ್ದಾರೆ ಎಂದು ಚೆಕಿಂಗ್ ಅಕ್ಕ ಲೆಕ್ಕ ಹಾಕಿದಳು. ಸಾಲಿನಲ್ಲಿ ಗಂಡನ ಸರದಿ ಮೊದಲು ಬಂತು, ಅವನು ಹೊರಟ. ಆಮೇಲೆ ಹಳದಿ ಹೊರಟಿತು. ಅಷ್ಟರಲ್ಲಿ ಹಿಂದೆ ನಿಂತಿದ್ದವರ ಪಿಸುಮಾತು ಕಿವಿಗೆ ಬಿತ್ತು.

"ಬಾಲ ಒಳಗೆ ಕಾಯ್ತಾ ಇರುತ್ತೆ ನೋಡು."

"ಪಾಪ, ಹಳದಿಗೆ ಈ ಬಾಲದಿಂದ ಬಿಡುಗಡೆ ಇಲ್ಲ."

ಇಬ್ಬರೂ ಕಿಸಕ್ಕನೆ ನಕ್ಕರು. ಚೆಕಿಂಗ್ ಅಕ್ಕನ ಕಿವಿ ಕಾದುಹೋಯಿತು. ಹಾಗಾದರೆ ಕ್ಲಬ್ಬಿಗೆಲ್ಲ ಗೊತ್ತು. ಅಡ್ಡಹೆಸರು ಕೂಡ ಇಟ್ಟಾಗಿದೆ. ಮನೆಯಲ್ಲಿ ಅನ್ನ ಹಾಕುವವಳಿಗೆ ಮಾತ್ರ ಗೊತ್ತಿಲ್ಲ.

ಅವಳ ಸರದಿ ಬಂದಾಗ ನಕ್ಷೆ ತೆಗೆದುಕೊಂಡು ಓಡಿದಳು. ಅವಳದು ಹೊಸಬರ ಸುಲಭದ ದಾರಿ, ಅವರದು ಕಷ್ಟದ ದಾರಿ. ಎರಡು ಬಾವುಟಗಳನ್ನು ಸರಿಯಾಗಿಯೇ ಹಿಡಿದಳು. ಎರಡನೆಯದರ ಹತ್ತಿರ, ಇಳಿಜಾರಿನ ಕೆಳಗೆ, ಮರಗಳ ನಡುವೆ ಹಳದಿ ಮಿಂಚಿ ಮಾಯವಾಯಿತು. ಅಷ್ಟೇ ಸಾಕಾಯಿತು. ತನ್ನ ಮೂರನೆಯ ಬಾವುಟವನ್ನು ಅದರ ಪಾಡಿಗೆ ಬಿಟ್ಟು ಇಳಿಜಾರು ಇಳಿದಳು, ಪೊದೆಯ ಹಿಂದೆ ಕೂತಳು. ಮುಳ್ಳು ಚುಚ್ಚಿತು, ಚುಚ್ಚಲಿ ಎಂದಳು.

ಹಳದಿ ಜರ್ಸಿ ಬಂತು, ಬಾವುಟಕ್ಕೆ ಒತ್ತಿತು, ನಕ್ಷೆ ನೋಡಿತು, ಬಲಕ್ಕೆ ಓಡಿತು. ಸ್ವಲ್ಪ ಹಿಂದೆ ಗಂಡ ಬಂದ. ಬೇರಿಗೆ ಕಾಲು ತಾಗಿ ಮುಗ್ಗರಿಸಿದ. ಪಕ್ಕದಲ್ಲಿದ್ದ ಕೊಂಬೆ ಮುಖಕ್ಕೆ ಹೊಡೆಯಿತು, ಕೈಯಲ್ಲಿ ಒರೆಸಿಕೊಂಡ. ಬಾವುಟಕ್ಕೆ ಒತ್ತಿದ. ಅವನ ಕೈಯಲ್ಲಿ ನಕ್ಷೆಯೇ ಇರಲಿಲ್ಲ, ಜೇಬಿನಲ್ಲಿ ತುರುಕಿತ್ತು. ಕತ್ತು ಮುಂದೆ ಚಾಚಿ ಹಳದಿ ಹೋದ ದಿಕ್ಕನ್ನು ಹುಡುಕಿ ಹಿಂದೆಯೇ ಓಡಿದ. ನೋಡು, ಎಷ್ಟು ಆತುರ, ಮುಖಕ್ಕೆ ಪೆಟ್ಟು ಬಿದ್ದರೂ ಪರಿವೆಯಿಲ್ಲ ಎಂದುಕೊಂಡಳು ಹೆಂಡತಿ. ಅವಳ ಕಣ್ಣಲ್ಲಿ ನೀರು ಬಂತು.

ಕೊನೆಯ ಗೆರೆಯ ಹತ್ತಿರ ಪೈಪಣ್ಣ ಮೆಷಿನ್ನಿನಿಂದ ಬಂದ ಚೀಟಿ ನೋಡಿ ಹೇಳಿದ, "ಅಕ್ಕ, ಎರಡೇ ಹಿಡಿದಿದೀರಿ. ಉಳಿದದ್ದು ಎಲ್ಲಿ?"

"ನಾನು ಹಿಡಿಯೋಕೆ ಬಂದಿದ್ದು ಬೇರೆ," ಎಂದು ಅವಳು ನಲ್ಲಿಯ ಕಡೆ ಹೋದಳು. ಅಲ್ಲಿ ಹಳದಿ ಜರ್ಸಿಯವಳು ಒಬ್ಬಳೇ ಶೂ ತೊಳೆಯುತ್ತಿದ್ದಳು.

"ನಾನು ಯಾರು ಗೊತ್ತಾ?"

"ಇಲ್ವಲ್ಲ."

"ನಿಮ್ಮ ಬಾಲದ ಹೆಂಡ್ತಿ."

ಜಗಳಕ್ಕೆ ಎದೆ ಗಟ್ಟಿ ಮಾಡಿಕೊಂಡು ನಿಂತಿದ್ದಳು. ಆದರೆ ಎಕ್ಸ್‌ರೇಯವಳು ಶೂ ಕೆಳಗಿಟ್ಟು ನಿಟ್ಟುಸಿರು ಬಿಟ್ಟಳು.

"ಸದ್ಯ, ಬಂದ್ರಲ್ಲ. ನೀವಾದ್ರೂ ಸ್ವಲ್ಪ ಹೇಳಿ ಅವರಿಗೆ. ನನಗೆ ಸಾಕಾಗಿ ಹೋಗಿದೆ."

"ಏನಂತ ಹೇಳಲಿ?"

"ನಿಮ್ಮ ನಕ್ಷೆ ನೀವೇ ಓದಿ ಅಂತ. ಇನ್ನೊಬ್ಬರ ಹಿಂದೆ ಓಡೋರಿಗೆ ಬಾಲ ಅಂತೀವಿ ನಾವು. ಈ ಆಟದಲ್ಲಿ ಅದು ಮೋಸ ಅಕ್ಕ. ಮೊದಲ ಬಾವುಟದ ಹತ್ರ ನನಗೋಸ್ಕರ ಕಾಯ್ತಾರೆ, ಆಮೇಲೆ ಕೊನೆವರೆಗೂ ಬೆನ್ನು ಬಿಡಲ್ಲ. ನಾನು ನಿಂತ್ರೆ ನಿಲ್ತಾರೆ. ನೀವೇ ಮುಂದೆ ಹೋಗಿ ಅಂದ್ರೆ ಹೋಗಲ್ಲ. ಹೆಸರು ಕೂಡ ಗೊತ್ತಿಲ್ಲ ನನಗೆ, ಒಂದು ಮಾತಾಡಿದ ಮನುಷ್ಯನಲ್ಲ."

ಚೆಕಿಂಗ್ ಅಕ್ಕ ಈ ಮಾತನ್ನೂ ಜಗ್ಗಿ ನೋಡಿದಳು. ಸುಳ್ಳು ಹೇಳುವವರು ಇಷ್ಟು ಬೇಸರದಲ್ಲಿ ಹೇಳುವುದಿಲ್ಲ. ಮೋಸ ಎಂಬ ಮಾತನ್ನು ತಾನು ಹೇಳಲು ಬಂದರೆ ಇವಳೇ ಹೇಳುತ್ತಿದ್ದಾಳೆ.

"ಇನ್ನೊಂದು ಕೇಳಿ," ಎಂದಳು ಎಕ್ಸ್‌ರೇಯವಳು. "ಹೋದ ವಾರ ಬೇಕಂತಲೇ ಜರ್ಸಿ ಬಿಚ್ಚಿ ಸೊಂಟಕ್ಕೆ ಸುತ್ತಿಕೊಂಡೆ. ಒಳಗೆ ಕಪ್ಪು ಬನಿಯನ್ನು. ಕಾಲುದಾರಿ ಪಕ್ಕದಲ್ಲಿ ಮರಕ್ಕೆ ಒರಗಿ ನಿಂತೆ, ಬಂದ ಮೇಲೆ ಬೈಯೋಣ ಅಂತ. ಬಂದ್ರು. ಕೈ ಚಾಚಿದ್ರೆ ಸಿಗೋಷ್ಟು ಹತ್ತಿರ. ನನ್ನನ್ನ ನೋಡಲೇ ಇಲ್ಲ, ಹಾಗೇ ಮುಂದೆ ಹೋದ್ರು. ಹೋಗಿ ಆ ಕಾಡಿನ ಮಧ್ಯೆ ನಿಂತುಕೊಂಡು ಸುತ್ತ ತಿರುಗಿ ತಿರುಗಿ ಹುಡುಕ್ತಿದ್ರು. ನನಗೆ ಬೈಯೋಕೆ ಮನಸ್ಸು ಬರಲಿಲ್ಲ."

ನಲ್ಲಿಯ ನೀರು ಹರಿಯುತ್ತಲೇ ಇತ್ತು. ಚೆಕಿಂಗ್ ಅಕ್ಕ ಅದನ್ನು ನಿಲ್ಲಿಸಿ ಬಸ್ ಸ್ಟಾಪಿಗೆ ನಡೆದಳು. ತಡವಿದ ಮೆಟ್ಟಿಲು, ಹೊದಿಕೆ ಹಾಕಿದ ಬೈಕು, ಮುಖಕ್ಕೆ ಹೊಡೆದ ಕೊಂಬೆ. ಎಲ್ಲವೂ ಅವಳ ಕಣ್ಣ ಮುಂದೆಯೇ ಇತ್ತು, ಎಲ್ಲವನ್ನೂ ಅವಳು ಇನ್ನೊಂದು ಹಳ್ಳಕ್ಕೆ ಕೂರಿಸಿದ್ದಳು.

ಹಾಗಂತ ಕೂಡಲೇ ನಂಬಿಬಿಡುವ ಹೆಂಗಸೇ ಅವಳು? ಅವತ್ತು ಸಂಜೆ ಗಂಡ ಹೊರಗಿನಿಂದ ಬರುವ ಹೊತ್ತಿಗೆ, ಕಂದು ಬಣ್ಣದ ಬಟ್ಟೆ ಹಾಕಿಕೊಂಡು ಅಡುಗೆಮನೆಯ ಬಾಗಿಲಿನ ಪಕ್ಕ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಮೇಲೆ ದೀಪ ಉರಿಯುತ್ತಿತ್ತು. ಗಂಡ ಬಂದ. ಅವನ ಅಂಗಿಯ ತೋಳು ಅವಳ ಕೈಗೆ ಸೋಕುವುದೊಂದು ಬಾಕಿ. ದಾಟಿ ಒಳಗೆ ಹೋದ.

"ಏನೇ, ಎಲ್ಲಿದೀಯ?" ಎಂದು ಖಾಲಿ ಅಡುಗೆಮನೆಯನ್ನು ಕೇಳಿದ.

ಇನ್ನೊಬ್ಬಳಿದ್ದಿದ್ದರೇ ವಾಸಿಯಿತ್ತು ಎಂದು ಒಂದು ಕ್ಷಣ ಅವಳಿಗೆ ನಿಜವಾಗಿಯೂ ಅನ್ನಿಸಿತು.

"ಇಲ್ಲೇ ಇದೀನಿ ರೀ."

ಅವನು ಬೆಚ್ಚಿ ತಿರುಗಿದ. "ಯಾವಾಗ ಬಂದೆ?"

"ನಾನು ಬರಲಿಲ್ಲ. ನೀವೇ ನನ್ನ ಪಕ್ಕದಿಂದ ಹೋದ್ರಿ."

"ದೀಪ ಹಾಕಿರಲಿಲ್ಲ ನೀನು."

"ದೀಪ ಉರೀತಿದೆ ರೀ."

ಅವನು ತಲೆಯೆತ್ತಿ ದೀಪ ನೋಡಿದ. ಆಮೇಲೆ ಕುರ್ಚಿಯನ್ನು ಕೈಯಿಂದ ಮುಟ್ಟಿ ಗುರುತು ಮಾಡಿಕೊಂಡು ಕೂತ.

"ಪಕ್ಕದ್ದು ಕಾಣಲ್ಲ ಕಣೇ," ಎಂದ. "ಎದುರಿಗಿದ್ದದ್ದು ಕಾಣುತ್ತೆ. ಸುತ್ತಲಿಂದ ಯಾರೋ ಪರದೆ ಎಳೀತಾ ಬಂದ ಹಾಗಿದೆ. ಕಣ್ಣೊಳಗೆ ಒತ್ತಡ ಅಂತೆ. ಹೋಗಿದ್ದು ಬರಲ್ವಂತೆ, ಇರೋದನ್ನ ಉಳಿಸ್ಕೋಬೇಕಂತೆ. ಗುರುವಾರ ಸಂಜೆ ಆಸ್ಪತ್ರೆಗೆ ಹೋಗ್ತಿದ್ದೆ."

"ಕಣ್ಣು ಕಾಣದವರು ಕಾಡಿಗೆ ಯಾಕೆ ಹೋಗ್ತಿದ್ರಿ?"

"ಭಾನುವಾರ ಮನೇಲಿ ಕೂತ್ರೆ ಯಾಕೆ ಅಂತ ಕೇಳ್ತಿದ್ದೆ. ನಿನಗೆ ಅನುಮಾನ ಬರಬಾರದು ಅಂತ ಹೋಗ್ತಿದ್ದೆ." ಅವನು ನಗಲು ನೋಡಿದ. "ನಕ್ಷೆ ನೋಡಿದ್ರೆ ಕಾಲಡಿ ಕಾಣಲ್ಲ, ಕಾಲಡಿ ನೋಡಿದ್ರೆ ಬಾವುಟ ಕಾಣಲ್ಲ. ಆಯಮ್ಮನ ಜರ್ಸಿ ಒಂದು ಚೆನ್ನಾಗಿ ಕಾಣ್ತಿತ್ತು. ಅದನ್ನೇ ಹಿಡ್ಕೊಂಡು ಬರ್ತಿದ್ದೆ. ಎಲ್ಲರೂ ನಗ್ತಾರೆ ಅಂತ ಗೊತ್ತು."

"ನನಗೊಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಮೊದಲು ಏನು ಕೇಳ್ತಿದ್ದೆ ಹೇಳು."

ಯಾವಾಗಿನಿಂದ ಮುಚ್ಚಿಟ್ಟಿದೀರಿ, ಎಂಬ ಪ್ರಶ್ನೆ ಆಗಲೇ ಅವಳ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅದನ್ನು ನುಂಗಿಕೊಂಡಳು. ನಾಚಿಕೆಯಾಯಿತು, ಸಿಟ್ಟೂ ಬಂತು. ಇನ್ನೊಬ್ಬರ ಹೊಲಿಗೆಯಲ್ಲಿ ಎಳೆ ತಪ್ಪಿದ್ದನ್ನು ಕಾಣುವ ತನಗೆ ಮನೆಯೊಳಗಿನದು ಕಾಣಲಿಲ್ಲ, ದೀಪದ ಬುಡದಲ್ಲಿ ಕತ್ತಲೆ ಎಂದು ಹಣೆ ಚಚ್ಚಿಕೊಳ್ಳುವಂತಾಯಿತು. ಅಷ್ಟರಲ್ಲಿ ಇನ್ನೊಂದು ಯೋಚನೆ ಬಂತು.

"ವ್ಯಾನು?"

ಗಂಡ ಮೇಜಿನ ಅಂಚನ್ನು ಕೈಯಲ್ಲಿ ಒರೆಸತೊಡಗಿದ.

"ಡಾಕ್ಟ್ರು ಏನಂದ್ರು?"

"ಬಿಡಿ ಅಂದ್ರು."

"ಬಿಟ್ರಾ?"

"ದಿನಾ ಹೋಗೋ ದಾರಿ ಕಣೇ. ಕಣ್ಣು ಮುಚ್ಚಿಕೊಂಡು ಹೋಗ್ತೀನಿ."

"ಎರಡು ಸ್ಕೂಲಿದೆ ಆ ದಾರೀಲಿ. ಮಕ್ಕಳು ಮುಂದಿನಿಂದ ಮಾತ್ರ ಬರ್ತಾರಾ ರೀ?"

ಅವನು ಮುಖ ಮುಚ್ಚಿಕೊಂಡ. ಅದೊಂದೇ ಕೆಲಸ ಗೊತ್ತಿರುವುದು, ವ್ಯಾನು ಬಿಟ್ಟರೆ ತಾನು ಯಾರು ಎಂದು ಅತ್ತ. ಅವಳು ಅವನ ತಲೆ ಸವರಿದಳು. ಬೆಳಗ್ಗೆ ಬೇಕರಿಯ ಯಜಮಾನರಿಗೆ ಎಲ್ಲ ಹೇಳಿ ಕೀಲಿ ಕೊಟ್ಟುಬಿಡುತ್ತೇನೆ ಎಂದು ಅವನೇ ಮಾತು ಕೊಟ್ಟ.

ಬೆಳಗ್ಗೆ ಅವಳೂ ಬೇಕರಿಯವರೆಗೆ ಜೊತೆಯಲ್ಲಿ ನಡೆದಳು. ಒಲೆಯ ಕಾವಿನಿಂದ ಕಿಟಕಿಯ ಗಾಜು ಮಂಜಾಗಿತ್ತು, ವ್ಯಾನು ಹಿಂಬಾಗಿಲು ತೆರೆದುಕೊಂಡು ನಿಂತಿತ್ತು. ಗಂಡ ಒಳಗೆ ಹೋದ, ಬೇಗನೆ ಹೊರಗೆ ಬಂದ.

"ಹೇಳಿದ್ರಾ?"

"ಹೇಳ್ದೆ. ಪಾಪ, ಬೇಜಾರು ಮಾಡ್ಕೊಂಡ್ರು."

"ಕೀಲಿ?"

"ಕೊಟ್ಟೆ."

ಅವನು ರಸ್ತೆಯನ್ನು ನೋಡಿಕೊಂಡು ಹೇಳಿದ. ಅವಳು ಅವನ ಮುಖ ನೋಡಿದಳು. ಇವತ್ತೊಂದು ದಿನ ನಂಬಬೇಕು ಎಂದು ಮನಸ್ಸಿಗೆ ಹೇಳಿಕೊಂಡಳು. ಅಷ್ಟು ದೊಡ್ಡ ತಪ್ಪು ಮಾಡಿದ ಮೇಲೆ, ಇಷ್ಟೂ ಮಾಡದಿದ್ದರೆ ತಾನೆಂಥ ಹೆಂಡತಿ. ನಾಲ್ಕು ಹೆಜ್ಜೆ ಅವನ ಜೊತೆ ನಡೆದಳು. ಆಗಲಿಲ್ಲ.

"ಒಂದು ಬ್ರೆಡ್ ತರ್ತೀನಿ," ಎಂದು ವಾಪಸು ಹೋದಳು.

ಯಜಮಾನ ಹಿಟ್ಟಿನ ಕೈ ಒರೆಸಿಕೊಳ್ಳುತ್ತಾ ಅವಳನ್ನು ಮೇಲಿಂದ ಕೆಳಗೆ ನೋಡಿದ. "ಏನಮ್ಮ ಇದು, ಹೆಂಡ್ತಿಗೆ ಎದ್ದು ಓಡಾಡೋಕಾಗಲ್ಲ, ಎರಡು ದಿನ ರಜೆ ಕೊಡಿ ಅಂತ ಈಗ ತಾನೆ ಹೇಳಿ ಹೋದ. ನೀನು ಗುಂಡುಕಲ್ಲಿನ ಹಾಗೆ ನಿಂತಿದೀಯ."

ಈಗ ನಕ್ಕು ಹೌದೆಂದು ಹೇಳಿ ಬ್ರೆಡ್ಡು ತೆಗೆದುಕೊಂಡು ಹೋಗಬಹುದಿತ್ತು. ಹೋದರೆ ಎರಡು ದಿನದ ಮೇಲೆ ವ್ಯಾನು ಶಾಲೆಯ ಮುಂದೆ ಹೋಗುತ್ತದೆ. ಹೇಳಿದರೆ ಗಂಡ ಈ ಜನ್ಮದಲ್ಲಿ ತನ್ನ ಮುಖ ನೋಡುವುದಿಲ್ಲವೇನೋ. ಬಾಗಿಲಿನ ಚೌಕಟ್ಟು ಹಿಡಿದುಕೊಂಡು ಅವಳು ಹೇಳಿದಳು.

"ನನಗೇನೂ ಆಗಿಲ್ಲ ಸಾರ್. ಅವರಿಗೆ ಕಣ್ಣು ಹೋಗ್ತಿದೆ. ಪಕ್ಕದಲ್ಲಿ ಬಂದಿದ್ದು ಕಾಣಲ್ಲ. ವ್ಯಾನು ಕೊಡಬೇಡಿ ಅವರಿಗೆ."

ಯಜಮಾನ ಹೊರಗೆ ನಿಂತಿದ್ದ ವ್ಯಾನಿನ ಕಡೆ ನೋಡಿದ. "ಹಾಗಾದ್ರೆ ಎಡಗಡೆ ಕನ್ನಡಿ ಎರಡು ಸಲ ಒಡೆದಿದ್ದು..." ಎಂದು ಅರ್ಧಕ್ಕೆ ನಿಲ್ಲಿಸಿದ. ಆಮೇಲೆ ಒಳಗೆ ಟ್ರೇ ತುಂಬುವ ಕೆಲಸ ಇದೆ, ಅವನಿಗೆ ಹೇಳು, ಬೇಕಾದರೆ ಬರಲಿ ಎಂದ.

ಹೊರಗೆ ಗಂಡ ಬೀದಿ ದೀಪದ ಕಂಬದ ಹತ್ತಿರ ನಿಂತಿದ್ದ. ಅವಳ ಕೈಯಲ್ಲಿ ಬ್ರೆಡ್ಡಿರಲಿಲ್ಲ.

"ನಂಬಲಿಲ್ಲ ಅಲ್ವಾ ನೀನು."

"ಇಲ್ಲ."

"ಹೇಳಿಬಿಟ್ಯಾ?"

"ಹೇಳ್ದೆ."

ಅವನು ಜೇಬಿನಿಂದ ಕೀಲಿ ತೆಗೆದು ಅವಳ ಮುಂದೆ ಹಿಡಿದ. ಅವಳು ಅದನ್ನು ಒಳಗೆ ಕೊಟ್ಟು ಬಂದಳು. ಬರುವಷ್ಟರಲ್ಲಿ ಅವನು ಹೊರಟುಹೋಗಿದ್ದ, ಗೋಡೆಯ ಬದಿ ಹಿಡಿದು ಬೇಗ ಬೇಗ ನಡೆಯುತ್ತಿದ್ದ. ಅವಳು ಕೂಗಲಿಲ್ಲ. ಕೂಗುವ ಮುಖ ಅವಳಿಗಿರಲಿಲ್ಲ. ಅವನು ಹಿಂದೆ ತಿರುಗಿ ನೋಡಲಿಲ್ಲ.

ದೊಡ್ಡ ರಸ್ತೆ ದಾಟುವಲ್ಲಿ ಅವನು ನಿಂತ. ಅಷ್ಟು ಹೊತ್ತಿಗೆ ಗಾಡಿಗಳ ಓಡಾಟ ಶುರುವಾಗಿತ್ತು. ಎಡಕ್ಕೆ ಕತ್ತು ತಿರುಗಿಸಿದ, ಬಲಕ್ಕೆ ತಿರುಗಿಸಿದ, ಮತ್ತೆ ಎಡಕ್ಕೆ ತಿರುಗಿಸಿದ. ಪಕ್ಕದಲ್ಲಿದ್ದವರೆಲ್ಲ ದಾಟಿ ಹೋದರು. ಅವನು ಹೆಜ್ಜೆ ಎತ್ತಲಿಲ್ಲ. ಅವಳು ಬಂದು ಅವನ ಬದಿಗೆ ನಿಂತಳು. ಅವನು ಮುಖ ಅವಳ ಕಡೆ ತಿರುಗಿಸಲಿಲ್ಲ. ಎರಡು ಬಸ್ಸು ಹೋದ ಮೇಲೆ ಕೇಳಿದ.

"ಗಾಡಿ ಬರ್ತಿದೆಯಾ?"

ಅವಳು ಎರಡೂ ಕಡೆ ನೋಡಿದಳು.

"ಇಲ್ಲ," ಎಂದಳು.

ಗಂಡ ಆಚೀಚೆ ನೋಡದೆ ರಸ್ತೆಗೆ ಕಾಲಿಟ್ಟ.